ನಮ್ಮ ಅತ್ತೆ ಮೀನು ಬಿಟ್ಟ ಭಾನುವಾರ

ನಮ್ಮ ಅತ್ತೆ ಮೀನು ಮುಟ್ಟಿದರು.

ಬರೀ ಮುಟ್ಟಿದ್ದಲ್ಲ. ಸೊಂಟದ ತನಕ ಕಾಳಿ ಹೊಳೆಯಲ್ಲಿ ನಿಂತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದರ ಜೊತೆ ಮಾತಾಡಿದರು. ಹಳಿಯಾಳದಲ್ಲಿ ನನ್ನ ಈ ವಾರದ ಅಂಕಣ ಓದಿ ಯಾರಿಗಾದರೂ ಎದೆ ಧಸಕ್ಕೆಂದರೆ ನಾನು ಜವಾಬ್ದಾರಳಲ್ಲ. ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ಬೇಕಾದರೆ ಇನ್ನಿಬ್ಬರು ಸಾಕ್ಷಿಗಳಿದ್ದಾರೆ. ಅವರಲ್ಲಿ ಒಬ್ಬರು ಬುಟ್ಟಿ ಸಮೇತ ಬಂದಿದ್ದರು. (ಬುಟ್ಟಿ ಯಾಕೆ ಎಂದು ಈಗಲೇ ಕೇಳಬೇಡಿ.)

ಅತ್ತೆ ಚೆನ್ನಬಸವ್ವನವರ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಹಳಿಯಾಳದ ಕಾಳುಕಡಿ ವ್ಯಾಪಾರದ ಮನೆತನ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಲಿಂಗಪೂಜೆ ಆಗದೆ ಒಂದು ಹನಿ ನೀರೂ ಗಂಟಲಿಗೆ ಇಳಿಯುವಂತಿಲ್ಲ. ಸಂತೆಯಲ್ಲಿ ಮೀನು ಮಾರುವವರ ಸಾಲು ಬಂತೆಂದರೆ ಸೆರಗು ಮೂಗಿಗೆ, ಕಣ್ಣು ಆಕಾಶಕ್ಕೆ. ಹಾಗೆ ಆಕಾಶ ನೋಡುತ್ತ ನಡೆದು ಒಮ್ಮೆ ಸೈಕಲ್ಲಿಗೆ ಡಿಕ್ಕಿ ಹೊಡೆದದ್ದೂ ಉಂಟು. (ಬೈಸಿಕೊಂಡವನು ಸೈಕಲ್ಲಿನವನು.)

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮವರಿಗೆ ಒಂದು ಹುಚ್ಚು. ಗಾಳ ಹಾಕುವ ಹುಚ್ಚು.

ತಪ್ಪು ತಿಳಿಯಬೇಡಿ. ಮೀನು ತಿನ್ನುವ ಮಾತೇ ಇಲ್ಲ. ಮೀನಿನ ವಾಸನೆ ಬಂದರೆ ನಮ್ಮವರಿಗೂ ಹೊಟ್ಟೆ ತೊಳಸುತ್ತದೆ. ಹಿಡಿಯುತ್ತಾರೆ, ಬಿಡುತ್ತಾರೆ. ಅಷ್ಟೇ. ಗಾಳಕ್ಕೆ ಎರೆಹುಳ ಕೂಡ ಚುಚ್ಚುವುದಿಲ್ಲ, ಜೋಳದ ಹಿಟ್ಟಿನ ಉಂಡೆ ಕಟ್ಟುತ್ತಾರೆ. ಆ ಉಂಡೆಗೆ ಚಿಟಿಕೆ ಅರಿಸಿನ ಹಾಕಿ ಕಲಸಿ ಕೊಡುವ ಪುಣ್ಯ ನನ್ನದು. ಕಾಳಿ ಹೊಳೆಯ ಮಹಶೀರ್ ಮೀನುಗಳು, ಅಂಗೈ ಅಗಲದ ಹುರುಪೆಯ ಆ ಚಿನ್ನದ ಬಣ್ಣದ ಗಜಗಾತ್ರದವು, ನನ್ನ ಕೈಯ ಹಿಟ್ಟು ತಿಂದು ಬೆಳೆದಿವೆ ಎಂದರೆ ಅತಿಶಯವಲ್ಲ.

ಈ ಹುಚ್ಚು ಹತ್ತಿಸಿದವನು ಒಬ್ಬ ಸಾಹೇಬ. ನಮ್ಮವರು ಕೆಲಸ ಮಾಡುವ ದಾಂಡೇಲಿಯ ಕಾಗದದ ಕಾರ್ಖಾನೆಗೆ ಯಂತ್ರ ಕೂರಿಸಲು ಯಾವುದೋ ದೇಶದಿಂದ ಬಂದಿದ್ದ. ಕೆಲಸ ಮುಗಿಸಿ ಹೋಗುವಾಗ ತನ್ನ ಗಾಳದ ಕೋಲು, ರೀಲು ಎಲ್ಲವನ್ನೂ ನಮ್ಮವರ ಕೈಗೆ ಕೊಟ್ಟು ಹೋದ. ಕೋಲು ಬಿದಿರಿನದು. ತೆಳ್ಳಗೆ ಸೀಳಿದ ಬಿದಿರನ್ನು ಅಂಟಿಸಿ, ನುಣ್ಣಗೆ ಮೆರುಗು ಕೊಟ್ಟು ಮಾಡಿದ್ದು. ಲಾರಿಗಟ್ಟಲೆ ಬಿದಿರು ಅರೆದು ಕಾಗದ ಮಾಡುವ ಊರಿಗೆ ಹಡಗಿನಲ್ಲಿ ಬಿದಿರು ಹೊತ್ತು ತಂದ ಪುಣ್ಯಾತ್ಮ ಅವನು!

ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ವಾರಕ್ಕೊಂದು ರಜೆ, ಅದನ್ನೂ ಹೊಳೆಗೆ ಹಾಕುತ್ತಾರಲ್ಲ ಎಂದು. ಆಮೇಲೆ ಗೊತ್ತಾಯಿತು. ಇವರು ವಾರವೆಲ್ಲ ಯಂತ್ರದ ಸದ್ದಿನೊಳಗೆ ನಿಂತು ಬರುವ ಮನುಷ್ಯ. ಶಿಫ್ಟ್ ಮುಗಿದು ಮನೆಗೆ ಬಂದರೂ ಕಿವಿಯೊಳಗೆ ಅದೇ ಸದ್ದು. ಕೂಗಿ ಹೇಳಿದರೆ "ಆಂ?" ಎನ್ನುತ್ತಾರೆ. ಮೆಲ್ಲಗೆ ಹೇಳಿದರೆ ಅದೂ ಇಲ್ಲ. ಶನಿವಾರದ ಹೊತ್ತಿಗೆ ನಾವಿಬ್ಬರೂ ಒಂದೇ ಕೋಣೆಯಲ್ಲಿಟ್ಟ ಎರಡು ಕಪಾಟುಗಳು.

ಭಾನುವಾರ ಹೊಳೆಗೆ ಹೋಗಿ ಬರಲಿ, ಸಂಜೆ ಬೇರೆಯೇ ಮನುಷ್ಯ. ಚಹಾ ಕುಡಿಯುತ್ತ ಮಾತಾಡುತ್ತಾರೆ. ನೀರುನಾಯಿ ಕಂಡದ್ದು, ಹಾರ್ನ್‌ಬಿಲ್ ಹಕ್ಕಿ ಹಣ್ಣು ತಿಂದದ್ದು, ಮೀನು ತಪ್ಪಿಸಿಕೊಂಡದ್ದು. ನನ್ನ ಮಾತು ಕೇಳುತ್ತಾರೆ. ನಗುತ್ತಾರೆ. ನಾನು ಲಗ್ನವಾದದ್ದು ಆ ಭಾನುವಾರದ ಮನುಷ್ಯನನ್ನು. ಉಳಿದ ದಿನಗಳವನನ್ನು ಜೊತೆಗೆ ಕಟ್ಟಿ ಕೊಟ್ಟಿದ್ದಾರೆ, ಇರಲಿ ಎಂದು ಇಟ್ಟುಕೊಂಡಿದ್ದೇನೆ.

ಆದ್ದರಿಂದ ಆ ಕೋಲಿನ ಮೇಲೆ ನನಗೂ ಪ್ರೀತಿ. ಅದು ಹೋದರೆ ನನ್ನ ಭಾನುವಾರವೂ ಹೋಯಿತು.

ಇನ್ನು ಇವರು ಮೀನು ಬಿಡುವ ಪದ್ಧತಿ ಹೇಳಬೇಕು. ಮೀನು ಮುಟ್ಟಿದ ಕೈಯಲ್ಲಿ ಮತ್ತೆ ಲಿಂಗ ಹಿಡಿಯುವುದು ಹೇಗೆ? ಅದಕ್ಕೆ ಇವರೇ ಒಂದು ಉಪಾಯ ಕಂಡುಹಿಡಿದಿದ್ದರು. ಒಂದು ಒಣ ಟವೆಲ್. ಮೀನನ್ನು ಎಳೆದು ದಡದ ಬಂಡೆಗೆ ಹತ್ತಿಸುವುದು, ಮೇಲೆ ಟವೆಲ್ ಹೊದಿಸಿ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಗಾಳ ಬಿಡಿಸುವುದು. ಆಮೇಲೆ ಟವೆಲ್ಲಿನ ಸಮೇತ ಎತ್ತಿ, ಹಾಸಿಗೆ ಕೊಡವಿದ ಹಾಗೆ ಹೊಳೆಗೆ ಕೊಡವುವುದು. "ಶಿವಾ, ನಿನ್ನದು ನಿನಗ" ಎಂದು ಹೇಳಿ ಬೆನ್ನು ತಿರುಗಿಸಿಬಿಡುವುದು.

ಬೆನ್ನು ಯಾಕೆ ತಿರುಗಿಸಬೇಕು? ಅದು ಇವರ ಮನೆತನದ ಪದ್ಧತಿ. ಬಾಗಿಲಿಗೆ ಬಂದ ಜಂಗಮರ ಜೋಳಿಗೆಗೆ ಕಾಳು ಹಾಕಿದ ಮೇಲೆ ಒಳಗೆ ಇಣುಕಿ ನೋಡಬಾರದು ಎಂದು ಅತ್ತೆಯೇ ಚಿಕ್ಕಂದಿನಿಂದ ಕಲಿಸಿದ್ದಾರೆ. ನೋಡಿದರೆ ಕೊಟ್ಟದ್ದರ ಮೇಲೆ ಆಸೆ ಉಳಿಯುತ್ತದಂತೆ. ಇವರು ಅದನ್ನು ಹೊಳೆಗೂ ಅನ್ವಯಿಸಿಕೊಂಡಿದ್ದರು. ಬಿಟ್ಟ ಮೀನನ್ನು ನೋಡುವುದಿಲ್ಲ. ಒಂದನ್ನೂ ನೋಡಿಲ್ಲ.

ಆ ಸಾಹೇಬ ಹೀಗೆ ಮಾಡುತ್ತಿರಲಿಲ್ಲವಂತೆ. ಗಾಳ ಬಿಡಿಸಿದ ಮೇಲೂ ಮೀನನ್ನು ನೀರಿನೊಳಗೇ ಹಿಡಿದುಕೊಂಡು, ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದನಂತೆ. ಎಷ್ಟೋ ಹೊತ್ತು. ಅವನ ಇಂಗ್ಲಿಷು ಇವರಿಗೆ ತಿಳಿಯುತ್ತಿರಲಿಲ್ಲ, ಇವರ ಇಂಗ್ಲಿಷು ಅವನಿಗೂ. ದೂರದಲ್ಲಿ ನಿಂತು ನೋಡಿ ಇವರು ಮರುಗುತ್ತಿದ್ದರು. ಪಾಪ, ತಿನ್ನುವ ಜಾತಿ, ಬಿಡಬೇಕೆಂದರೂ ಮನಸ್ಸು ಬರುತ್ತಿಲ್ಲ ಎಂದು. ನನ್ನ ಮುಂದೆ ಈ ಕತೆ ಹೇಳಿದಾಗ ನಾನೂ ಲೊಚಗುಟ್ಟಿದ್ದೆ. ಅಯ್ಯೋ ಪಾಪ, ದೂರದೇಶದಿಂದ ಬಂದು ಬಾಯಿ ಚಪ್ಪರಿಸುತ್ತ ಕೂರುವ ಗತಿಯೇ!

ಹೀಗೆ ನಡೆದಿತ್ತು. ಸಂಕ್ರಾಂತಿ ಮುಗಿಸಿಕೊಂಡು ಅತ್ತೆ ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಕ್ವಾರ್ಟರ್ಸಿಗೆ ಬಂದರು.

ಕೋಲು ಜೋಳದ ಚೀಲದ ಹಿಂದೆ ಅಡಗಿತು. ಬಂದ ವಾರ ಓವರ್‌ಟೈಮ್ ಇದೆ ಎಂದು ಇವರು ಸುಳ್ಳು ಹೇಳಿ ಹೊಳೆಗೆ ಹೋದರು. ಮುಂದಿನ ವಾರವೂ ಅದೇ. ಮಗ ಎಷ್ಟು ದುಡಿಯುತ್ತಾನೆ ಎಂದು ಅತ್ತೆ ಕಣ್ಣಲ್ಲಿ ನೀರು ತಂದುಕೊಂಡರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಗುಟ್ಟು ಒಡೆದವರು ಪಕ್ಕದ ಮನೆಯ ಶಾಂತಾಬಾಯಿ. ಬೆಳಗಾವಿ ಕಡೆಯವರು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಸಡಿಲ. ಅವರ ಮನೆಯಲ್ಲಿ ಮೀನಿಲ್ಲದೆ ಭಾನುವಾರವಿಲ್ಲ. ತಾವು ಒಂದೊಂದು ಮೀನಿಗೂ ಮಾರ್ಕೆಟ್ಟಿನಲ್ಲಿ ಜಗಳ ಆಡುತ್ತಿರುವಾಗ ಪಕ್ಕದ ಮನೆಯಾತ ಮಗುವಿನಷ್ಟು ದೊಡ್ಡ ಮೀನು ಹಿಡಿದು ಹೊಳೆಗೇ ಎಸೆದು ಬರುವುದು ಅವರಿಗೆ ಎಂದೂ ಆರದ ಹೊಟ್ಟೆನೋವು. ಬೇಲಿಯಾಚೆಯಿಂದ ನಮ್ಮ ಅತ್ತೆಯನ್ನು ಕೇಳಿಯೇಬಿಟ್ಟರು: ನಿಮ್ಮ ಮಗ ಇವತ್ತೂ ಮೀನು ಹಿಡಿದು ಬಿಟ್ಟು ಬಂದರೇನು ಕಾಕೂ ಎಂದು.

ಅತ್ತೆ ಒಳಗೆ ಬಂದರು. ಬಾಗಿಲಿಗೆ ಎದುರಾಗಿ ಮಣೆ ಹಾಕಿಕೊಂಡು ಕೂತರು. ಆ ಹೊತ್ತಿಗೆ ಇವರೂ ಹೊಳೆಯಿಂದ ಬಂದರು, ಬೆನ್ನ ಹಿಂದೆ ಕೋಲು. ಇನ್ನು ಬಚ್ಚಿಡುವುದೇನು?

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೇಳಿದರು. ತಿನ್ನುತ್ತೀಯಾ? ಇಲ್ಲ. ಮಾರುತ್ತೀಯಾ? ಇಲ್ಲ. ಕೈಯಲ್ಲಿ ಮುಟ್ಟುತ್ತೀಯಾ? ಇಲ್ಲವ್ವ, ಟವೆಲ್ಲಿನಲ್ಲಿ ಹಿಡಿಯುತ್ತೇನೆ. (ಈ ಉತ್ತರಕ್ಕೆ ಅತ್ತೆಯ ಮುಖ ಸ್ವಲ್ಪ ಸಡಿಲಾಯಿತು.) ಸಾಯುತ್ತವೆಯಾ? ಒಂದೂ ಸತ್ತಿಲ್ಲ ಎಂದರು ಇವರು. ಎದೆಯ ಮೇಲಿನ ಲಿಂಗ ಮುಟ್ಟಿ ಹೇಳಿದರು. ಸುಳ್ಳು ಹೇಳುವ ಮುಖವಲ್ಲ ಅದು. ಅವರು ಪೂರ್ತಿ ನಂಬಿದ್ದರು.

ಅತ್ತೆ ತೀರ್ಪು ಹೇಳಿದರು:

"ಬರೂ ಐತವಾರ ನಾನೂ ಬರ್ತೇನಿ. ಕಣ್ಣೀಲೆ ನೋಡತೇನಿ. ಅದು ಜೀವಂತ ಹೋತಂದ್ರ ನಿನ್ನ ಕೋಲು ನಿನಗ. ಒಂದ ಜೀವ ಹೋದ್ರೂ ಆ ಕೋಲು ಬಚ್ಚಲ ನೀರೊಲಿಗೆ ಹಾಕಿ ಸುಡ್ತೇನಿ, ನೋಡ್ಕೊ."

ಇವರು ಖುಷಿಯಿಂದ ಒಪ್ಪಿದರು. ನನಗೆ ಯಾಕೋ ಖುಷಿಯಾಗಲಿಲ್ಲ. ಆ ವಾರವೆಲ್ಲ ನೀರೊಲೆ ಹಚ್ಚುವ ಮೊದಲು ಕೋಲು ಇನ್ನೂ ಇದೆಯೇ ಎಂದು ಹೋಗಿ ನೋಡಿ ಬರುತ್ತಿದ್ದೆ.

ಭಾನುವಾರ ಬಂತು. ಬುತ್ತಿ ಕಟ್ಟಿಕೊಂಡೆವು. ಹೊರಡುವಾಗ ನೋಡಿದರೆ ಶಾಂತಾಬಾಯಿಯೂ ತಯಾರು. ಕಂಕುಳಲ್ಲಿ ಬುಟ್ಟಿ. ಬುಟ್ಟಿ ಯಾಕೆ ಎಂದೆ. ಸೊಪ್ಪು ಸಿಕ್ಕರೆ ಇರಲಿ ಎಂದರು. ಹೊಳೆದಂಡೆಯಲ್ಲಿ ಯಾವ ಸೊಪ್ಪು ಸಿಗುತ್ತದೆ, ಅಷ್ಟು ಅಗಲದ ಬುಟ್ಟಿ ತುಂಬುವಂಥದ್ದು?

ಕುಳಗಿ ದಾರಿ ಹಿಡಿದು ಸ್ವಲ್ಪ ನಡೆದು, ಬಿದಿರು ಮೆಳೆಗಳ ನಡುವೆ ಇಳಿದರೆ ಇವರ ಜಾಗ. ಮೇಲಿನಿಂದ ನೀರು ಕಲ್ಲುಗಳ ನಡುವೆ ಸೆಳೆದುಕೊಂಡು ಬಂದು ಒಂದು ಮಡುವಿಗೆ ಬೀಳುತ್ತದೆ. ಕೆಳಗೆ ದೂರದಲ್ಲೊಂದು ಬಂಡೆ, ಅದರ ಮೇಲೆ ಮೊಸಳೆ ಬಿಸಿಲು ಕಾಯಿಸುವುದುಂಟು. ಅವತ್ತು ಬಂಡೆ ಖಾಲಿ ಇತ್ತು. (ಖಾಲಿ ಇದ್ದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಯೋಚನೆ ಆಮೇಲೆ ಬಂತು.)

ನೋಡಲೆಂದು ಬಂದ ಅತ್ತೆ ಹೊಳೆಗೆ ಬೆನ್ನು ಹಾಕಿ ಕೂತರು. ಮೀನು ಬಂದ ಮೇಲೆ ಹೇಳಿ, ತಿರುಗುತ್ತೇನೆ ಎಂದರು. ಅಷ್ಟರಲ್ಲಿ ಕಣ್ಣು ನನ್ನ ಹಿಟ್ಟಿನ ಉಂಡೆಯ ಮೇಲೆ ಬಿತ್ತು. ಎತ್ತಿಕೊಂಡು ಎರಡು ಬೆರಳಲ್ಲಿ ಹಿಚುಕಿ ನೋಡಿದರು. ಇಷ್ಟು ಗಟ್ಟಿ ಕಲಸಿದರೆ ಯಾವ ಮೀನು ತಿನ್ನುತ್ತದೆ ಎಂದು ಕೇಳಿ, ತಾವೇ ನೀರು ಚಿಮುಕಿಸಿ ನಾದಿ ಕೊಟ್ಟರು. ಸೊಸೆಯ ಹಿಟ್ಟಿನಲ್ಲಿ ತಪ್ಪು ಹುಡುಕಲು ಮೀನಿನ ಪಕ್ಷ ವಹಿಸಿದ ಅತ್ತೆ ಈ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಮತ್ತೆ ನೋಡಿ, ಆ ಉಂಡೆಗೇ ಮೀನು ಬಂತು! ರೀಲು ಕಿರ್ರನೆ ಕೂಗಿಕೊಂಡಿತು. ಕೋಲು ಬಿಲ್ಲಾಯಿತು. ಅತ್ತೆ ಯಾರೂ ಹೇಳುವ ಮೊದಲೇ ತಿರುಗಿ ಕೂತಿದ್ದರು.

ಇವರಿಗೆ ತಾಯಿಯ ಮುಂದೆ ಪರಾಕ್ರಮ ತೋರಿಸುವ ಹುಮ್ಮಸ್ಸು. ಮೀನು ಎಳೆದಾಗ ದಾರ ಬಿಟ್ಟರು, ಸೋತಾಗ ಸುತ್ತಿಕೊಂಡರು. ಮತ್ತೆ ಎಳೆಯಿತು, ಮತ್ತೆ ಬಿಟ್ಟರು. ದಡದ ಹತ್ತಿರ ಬಂದದ್ದನ್ನು ಬೇಕೆಂದೇ ಓಡಗೊಟ್ಟು ಮತ್ತೆ ತಂದರು. ಹೊತ್ತು ಏರಿತು. ಸಾಕು, ಅದನ್ನು ಎಷ್ಟು ಗೋಳು ಹೊಯ್ದುಕೊಳ್ಳುತ್ತೀ ಎಂದು ಅತ್ತೆ ಗೊಣಗಿದರು. ಇವರ ಕಿವಿಗೆ ಬೀಳಲಿಲ್ಲ.

ಆಗ ಶಾಂತಾಬಾಯಿ ಒಂದು ಮಾತು ಕೇಳಿದರು. ಕೊಂಕಾಗಿ ಅಲ್ಲ, ನಿಜವಾಗಿ ತಿಳಿಯದೆ ಕೇಳಿದರು.

"ನಾವು ತಿನ್ನಾಕ ಹಿಡೀತೀವಿ, ಕಾಕೂ. ಇವರು ಯಾತಕ್ಕ ಹಿಡೀತಾರ?"

ಅತ್ತೆ ನನ್ನ ಮುಖ ನೋಡಿದರು. ನಾನು ಹೊಳೆಯ ಮುಖ ನೋಡಿದೆ.  ನನ್ನ ಗಂಡನ ನಗು ಕಾರಣ ಎಂದು ಮೀನಿಗೆ ಹೇಳಲು ಬರುತ್ತದೆಯೇ?

ಕೊನೆಗೆ ಮೀನು ದಡ ಸೇರಿತು. ಎಂಥ ಚೆಲುವೆ ಅಂತೀರಿ! ಒಂದೊಂದು ಹುರುಪೆಯೂ ಹಿತ್ತಾಳೆ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಇವರು ಅದನ್ನು ಬಿಸಿ ಬಂಡೆಯ ಮೇಲೆ ಎಳೆದರು, ಟವೆಲ್ ಹೊದಿಸಿದರು, ಮಂಡಿಯೂರಿ ಒತ್ತಿದರು. ಗಾಳದ ಮುಳ್ಳು ಒಳಗೆ ಕಚ್ಚಿಕೊಂಡಿತ್ತು. ತಿರುಚಿದರು, ಎಳೆದರು, ಬೈದುಕೊಂಡರು. ಅದು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.  ಅಂತೂ ಗಾಳ ಬಂತು. ಇವರು ಟವೆಲ್ ಸಮೇತ ಎತ್ತಿ ಹೊಳೆಗೆ ಕೊಡವಿ, "ಶಿವಾ, ನಿನ್ನದು ನಿನಗ" ಎಂದು ಬೆನ್ನು ತಿರುಗಿಸಿ, ತಾಯಿಯ ಕಡೆ ನೋಡಿ ನಕ್ಕರು.

"ಹೋತು ನೋಡವ್ವ."

ಅತ್ತೆ ನಗಲಿಲ್ಲ. ಅವರ ಕಣ್ಣು ಮಗನ ಭುಜದಾಚೆ ನೀರಿನ ಮೇಲಿತ್ತು.

"ಹೋಗಿಲ್ಲಪಾ. ತಿರುಗಿ ನೋಡು."

ಇವರು ತಿರುಗಿದರು. ಬಹುಶಃ ಜೀವನದಲ್ಲಿ ಮೊದಲ ಸಲ.

ಮೀನು ಮೇಲೆ ತೇಲಿತ್ತು. ಹೊಟ್ಟೆ ಮೇಲೆ, ಬೆನ್ನು ಕೆಳಗೆ. ಬಿದಿರೆಲೆಗಳ ಜೊತೆ ಮೆಲ್ಲಗೆ ದಡದ ಗುಂಟ ಬರುತ್ತಿತ್ತು. ಬಿಳಿ ಹೊಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು.

 ನನಗೆ ಮೊದಲು ಹೊಳೆದದ್ದು ಕೋಲು, ನೀರೊಲೆ, ನನ್ನ ಭಾನುವಾರ. ಮೀನು ಆಮೇಲೆ. ಮನುಷ್ಯಳಲ್ಲವೇ ನಾನು? ಶಾಂತಾಬಾಯಿ ಮೆಲ್ಲಗೆ ಬುಟ್ಟಿ ಎತ್ತಿಕೊಂಡರು. ಸತ್ತ ಮೇಲೆ ಸುಮ್ಮನೆ ಹಾಳು ಮಾಡುವುದು ಬೇಡ, ಕೊಟ್ಟರೆ ಒಯ್ಯುತ್ತೇನೆ ಎಂದರು. ತಪ್ಪೇನು ಹೇಳಿ? ಅವರ ಲೆಕ್ಕ ಸರಿಯಾಗಿಯೇ ಇತ್ತು.

ಇವರು ಟವೆಲ್ ಹಿಡಿದುಕೊಂಡು ನೀರಿನ ಅಂಚಿಗೆ ಹೋದರು, ನಿಂತರು. ಎಡಗೈ ಕೊರಳ ಲಿಂಗದ ಮೇಲೆ. ಬರಿಗೈಯಲ್ಲಿ ಮುಟ್ಟಬೇಕೇ, ಬೇಡವೇ? ಮುಖ ಮಗುವಿನ ಹಾಗಾಗಿತ್ತು. 

ಅಷ್ಟರಲ್ಲಿ ಪಕ್ಕದಲ್ಲಿ ಬಳೆ ಸದ್ದಾಯಿತು. ಅತ್ತೆ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಇಳಿಯುತ್ತಿದ್ದರು. ಮೊಣಕಾಲು, ತೊಡೆ, ಸೊಂಟ. ಅವ್ವಾ, ಮೊಸಳೆ ಎಂದು ಇವರು ಕೂಗಿದರು. ಮೊಸಳೆಗೆ ನಾನೇನು ರುಚಿ ಅನ್ನಿಸುತ್ತೇನೋ ಎಂದು ಹಿಂದೆ ನೋಡದೆ ಹೇಳಿ, ಕೈ ಚಾಚಿ ಮೀನನ್ನು ಹಿಡಿದುಕೊಂಡರು. ಬರಿಗೈಯಲ್ಲಿ. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಹತ್ತಿರ. ನೆಟ್ಟಗೆ ಮಾಡಿದರು. ಕೈ ಸಡಿಲಿಸಿದರೆ ಮತ್ತೆ ಮಗುಚುತ್ತಿತ್ತು.

"ಏನ ಮಾಡಲಿ ಇದಕ್ಕ?" ಎಂದು ಕೇಳಿದರು. ಎಂದೂ ಯಾರನ್ನೂ ಹೀಗೆ ಕೇಳಿದವರಲ್ಲ.

ಆಗ ಇವರಿಗೆ ಸಾಹೇಬ ನೆನಪಾದ. ಕುಕ್ಕರಗಾಲಿನಲ್ಲಿ ಕೂತು, ಎಷ್ಟೋ ಹೊತ್ತು, ನೀರಿನೊಳಗೇ ಮೀನು ಹಿಡಿದುಕೊಂಡು. ನೀರು ಬರುವ ಕಡೆಗೆ ಅದರ ಮುಖ ಮಾಡಿ. ಅಯ್ಯೋ, ಅವನು ಆಸೆಗೆ ಹಿಡಿದುಕೊಂಡಿರಲಿಲ್ಲ! ಅದಕ್ಕೆ ಉಸಿರು ಬರಲಿ ಎಂದು ಕಾಯುತ್ತಿದ್ದ. ತಿನ್ನದ ನಾವು, ತಿನ್ನುವವನ ಕರುಣೆಯನ್ನು ಹಸಿವು ಎಂದು ಓದಿಕೊಂಡಿದ್ದೆವು.

"ಅವ್ವಾ, ಮುಖ ಮ್ಯಾಲಕ್ಕ ಮಾಡು. ನೀರು ಬರೂ ಕಡೆ. ಬಾಯಾಗ ನೀರು ಹೋಗಬೇಕು ಅದರದು." ಇವರ ದನಿ ಒಡೆದಿತ್ತು. ಟವೆಲ್ ಎಸೆದು ತಾವೂ ಇಳಿದರು.

ಎಸೆದ ಟವೆಲ್ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಂಡೆ. ಲೋಳೆ, ಲೋಳೆಗೆ ಅಂಟಿದ ನಾಲ್ಕಾರು ಹುರುಪೆ. ಪ್ರತಿ ಸೋಮವಾರ ಈ ಟವೆಲ್ಲಿಗೆ ಸಾಬೂನು ಹಚ್ಚಿ ಕುಕ್ಕುವವಳು ನಾನು. ಒಣಗಿದರೆ ಗಂಜಿ ಹಾಕಿದ ಹಾಗೆ ಬಿರುಸಾಗಿರುತ್ತದೆ. ವಾರವಾರವೂ ಬೈದುಕೊಂಡು ಒಗೆದಿದ್ದೇನೆ. ಮೀನನ್ನು ನೋಡಿದೆ. ಟವೆಲ್ ಒತ್ತಿದ ಕಡೆ ಮೈ ಮಂಕಾಗಿತ್ತು, ಉಳಿದ ಕಡೆ ಹೊಳೆಯುತ್ತಿತ್ತು. ಇಷ್ಟು ದಿನ ನಾನು ಒಗೆದು ಕಲ್ಲಿನ ಮೇಲೆ ಹರಿಸಿದ್ದು ಮೀನಿನ ಮೈ ಕಾಯುವ ಲೋಳೆಯನ್ನೇ! ಹಾಗೆಂದು ಕೂಗಿ ಹೇಳಿದೆ. ಒಣ ಬಟ್ಟೆ ಬೇಡ, ಒದ್ದೆ ಕೈಯೇ ಸರಿ, ಹಿಸುಕಬೇಡಿ, ಸುಮ್ಮನೆ ಆಸರೆ ಕೊಡಿ ಎಂದೆ. ಮುಟ್ಟದೆ ಶುದ್ಧವಾಗಿ ಉಳಿದವರು ನಾವು. ಮೈ ಕಳೆದುಕೊಂಡದ್ದು ಅದು.

ಕಲ್ಲು ಪಾಚಿಗಟ್ಟಿತ್ತು. ಅತ್ತೆಯ ಕಾಲು ಜಾರಿತು. ಶಾಂತಾಬಾಯಿ ಬುಟ್ಟಿ ದಡಕ್ಕೆ ಎಸೆದು ಧಡಧಡ ಇಳಿದು ಅತ್ತೆಯ ತೋಳು ಹಿಡಿದುಕೊಂಡರು. ಅಡಿಗೆಯ ಆಸೆ ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ಒಂದು ಕಡೆ ಮಗ, ಒಂದು ಕಡೆ ಶಾಂತಾಬಾಯಿ, ನಡುವೆ ಅತ್ತೆ, ಅತ್ತೆಯ ಕೈಯಲ್ಲಿ ಮೀನು.

ಅತ್ತೆ ಅದರ ಜೊತೆ ಮಾತಾಡತೊಡಗಿದರು. ಏಳು ನನ್ನವ್ವ, ಉಸಿರು ತಗೋ, ನನ್ನ ಮಗ ದಡ್ಡ, ಅವನನ್ನು ಕ್ಷಮಿಸು ಎಂದು. ನಡುವೆ ಶಿವ ಶಿವ ಎಂದು. ಮಗನನ್ನು ದಡ್ಡ ಎಂದು ಅವರು ಒಪ್ಪಿಕೊಂಡದ್ದು ನನ್ನ ಲಗ್ನದ ಮೇಲೆ ಇದೇ ಮೊದಲು. (ಕತ್ತರಿಸಿ ಇಟ್ಟುಕೊಳ್ಳಲು ಈ ವಾರದ ಪತ್ರಿಕೆಯ ಇನ್ನೊಂದು ಪ್ರತಿ ತರಿಸುತ್ತಿದ್ದೇನೆ.)

ಎಷ್ಟು ಹೊತ್ತಾಯಿತೋ. ಕಿವಿರು ಒಮ್ಮೆ ಅರಳಿತು. ನಿಂತಿತು. ಮತ್ತೆ ಅರಳಿತು. ಮೊದಲು ನೋಡಿದ್ದು ನಾನು, ಬಾಯಿ ಬಿಡಲು ಹೆದರಿಕೆ. ಆಮೇಲೆ ರೆಕ್ಕೆ ಅಲುಗಿತು. ಇನ್ನು ಬಿಡವ್ವ, ಬದುಕಿತು ಎಂದರು ಇವರು.

"ನಾ ಬಿಡೂದಿಲ್ಲ," ಎಂದರು ಅತ್ತೆ. "ಅದು ಹೋಗಲಿ. ಅದಾಗೇ ಹೋಗಬೇಕು."

ಸೊಂಟದ ನೀರಿನಲ್ಲಿ, ಹಿಡಿದೂ ಹಿಡಿಯದ ಹಾಗೆ ಕೈ ಚಾಚಿಕೊಂಡು ನಿಂತೇ ಇದ್ದರು. ಚಳಿಗೆ ತುಟಿ ನೀಲಿಯಾಗಿತ್ತು. ಒಮ್ಮೆಲೆ ಮೀನು ಬಾಲ ಬೀಸಿತು ನೋಡಿ! ಅತ್ತೆಯ ಮುಖದ ಮೇಲೆ ಒಂದು ಕೊಡ ನೀರು ಸುರಿದ ಹಾಗಾಯಿತು. ಹಣೆಯ ವಿಭೂತಿಯೆಲ್ಲ ತೊಳೆದು ಗಲ್ಲಕ್ಕೆ ಇಳಿಯಿತು. ಕಣ್ಣೊರೆಸಿಕೊಂಡು ನೋಡಿದರೆ ಕೈ ಖಾಲಿ. ಮಡುವಿನ ಆಳದಲ್ಲಿ ಒಂದು ಸಲ ಬಂಗಾರ ಮಿಂಚಿ ಮಾಯವಾಯಿತು.

ಶಾಂತಾಬಾಯಿ ಅಳುತ್ತಿದ್ದರು. ಯಾಕೆ ಎಂದರೆ ಅವರಿಗೂ ಗೊತ್ತಿಲ್ಲ. ಮನೆಗೆ ಹೋಗಿ ಬೇಳೆ ಸಾರು ಮಾಡಬೇಕಲ್ಲ, ಅದಕ್ಕೆ ಅಂತ ಆಮೇಲೆ ಹೇಳಿದರು.

ದಡಕ್ಕೆ ಬಂದ ಮೇಲೆ ಮೂವರೂ ನಡುಗುತ್ತ ಕೂತರು. ಮೀನು ಬದುಕಿತು. ಕೋಲು ಉಳಿಯಬೇಕು, ಒಪ್ಪಂದ ಹಾಗೇ ಅಲ್ಲವೇ? ಆದರೆ ಇವರು ಎದ್ದು ಹೋಗಿ ಕೋಲನ್ನು ತಂದು ತಾವೇ ತಾಯಿಯ ಮುಂದೆ ಇಟ್ಟರು.

"ಇಷ್ಟ ದಿನ ಬಿಟ್ಟವು ಏನಾದವೋ, ಅವ್ವ," ಎಂದರು. "ನಾ ಒಂದನ್ನೂ ನೋಡಲಿಲ್ಲ."

  ನನ್ನ ಗಂಡನ ತಲೆ ಅಷ್ಟು ತಗ್ಗಿದ್ದನ್ನು ನಾನು ಎಂದೂ ಕಂಡಿಲ್ಲ. ಕೋಲು ಸುಟ್ಟರೆ ಸುಡಲಿ, ಈ ಮನುಷ್ಯನ ಮುಖ ಹೀಗಿರುವುದು ಬೇಡ ಅನ್ನಿಸಿತು.

ಅತ್ತೆ ಸೀರೆಯ ಅಂಚು ಹಿಂಡಿ ಮುಗಿಸಿದರು. ಆಮೇಲೆ ಕೋಲನ್ನು ಮಗನ ಕಡೆಗೆ ತಳ್ಳಿದರು. ಇದನ್ನು ಸುಟ್ಟರೆ ನಿನ್ನ ಕೈಗೆ ಬುದ್ಧಿ ಬರುವುದಿಲ್ಲ, ಬಿಡುವುದನ್ನು ಕಲಿ ಎಂದರು. ಟವೆಲ್ ಮಾತ್ರ ಕಸಿದುಕೊಂಡು ನೆಲ ಒರೆಸಲು ಇಟ್ಟುಕೊಂಡರು. ಗಾಳವನ್ನು ಕೈಗೆ ತೆಗೆದುಕೊಂಡು ನೋಡಿ ಅಪ್ಪಣೆ ಶುರು ಮಾಡಿದರು: ಇನ್ನು ಮೇಲೆ ಗಾಳದ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು, ಬಿಡಿಸುವಾಗ ಒದ್ದಾಟ ಬೇಡ. ಆಟ ಆಡಿಸಬಾರದು, ಬೇಗ ತರಬೇಕು. ಬಂಡೆಗೆ ಎಳೆಯಬಾರದು, ಗಾಳ ಬಿಡಿಸುವುದೂ ನೀರಿನೊಳಗೇ. ಅದಾಗೇ ಹೋಗುವ ತನಕ ಹಿಡಿದುಕೊಂಡು ನಿಲ್ಲಬೇಕು. ಇವರು ಎಲ್ಲದಕ್ಕೂ ಹೂಂ ಎಂದರು. ಹಾಗಾದರೆ ಕೈಯಲ್ಲಿ ಮುಟ್ಟಿದ ಮೇಲೆ ಲಿಂಗ ಹೇಗೆ ಹಿಡಿಯುವುದು ಎಂದು ಮೆಲ್ಲಗೆ ಕೇಳಿದರು. ಹೊಳೆಯೊಳಗೆ ನಿಂತವನಿಗೆ ಸ್ನಾನದ ಚಿಂತೆ ಯಾಕೆ ಎಂದು ಅತ್ತೆ ಬೈದರು. ಬೈಗುಳ ಕೇಳಿ ಇವರ ಮುಖಕ್ಕೆ ಜೀವ ಬಂತು. ನನಗೂ.

ವಾಪಸು ಬರುವಾಗ ಇವರು ಕೋಲು ಹೊತ್ತು ಮುಂದೆ, ಖಾಲಿ ಬುಟ್ಟಿಯ ಶಾಂತಾಬಾಯಿ ಅವರ ಹಿಂದೆ. ಒದ್ದೆ ಸೀರೆಯ ಅತ್ತೆ ನಿಧಾನ. ನಾನು ಅವರ ಜೊತೆ. ಬಿದಿರು ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಧೂಳು ಕಡಿಮೆಯಾಗಲೆಂದು ರಸ್ತೆಯ ಪಕ್ಕಕ್ಕೆ ನಿಂತೆವು. ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ಕೈ ಇನ್ನೂ ತಣ್ಣಗಿತ್ತು.

"ನಿನಗೂ ಹಂಗ ಮಾಡಿದ್ವಲ್ಲವ್ವ," ಎಂದರು. ನನಗೆ ಅರ್ಥವಾಗಲಿಲ್ಲ. "ಲಗ್ನ ಆಗಿ ಹೊಸದಾಗಿ ಬಂದಿ. ಈ ಊರಾಗ ನಿನಗ ಒಂದ ಗುರ್ತಿನ ಮುಖ ಇರಲಿಲ್ಲ. ನಿನ್ನ ಅಪ್ಪ, ನಾವು, ಎಲ್ಲಾರೂ ನಿನ್ನ ಇಲ್ಲಿ ಬಿಟ್ಟು ಸಂಜಿ ಬಸ್ ಹತ್ತಿದ್ವಿ. ಚಲೋ ಮನಿ, ಚಲೋ ನೌಕರಿ, ಇನ್ನೇನ ಬೇಕು ಅಂದ್ವಿ. ನೀ ಹೆಂಗ ಉಸಿರು ಹಿಡದೀ ಅಂತ ಒಬ್ಬರೂ ನಿಂತು ನೋಡಲಿಲ್ಲ."

ವಾರವಾರ ನಿಮ್ಮ ಮುಂದೆ ಇಷ್ಟು ಬಡಬಡಿಸುತ್ತೇನಲ್ಲ, ಆದರೂ ಆ ಮೊದಲ ವರ್ಷದ ಸಂಜೆಗಳನ್ನು ನಾನು ಯಾರಿಗೂ ಹೇಳಿಲ್ಲ, ಇವರಿಗೂ. ಸದ್ದು ತುಂಬಿದ ಕಿವಿಯ ಗಂಡ, ಬೇರೆ ಬೇರೆ ಮಾತಿನ ನೆರೆಹೊರೆ, ಸೈರನ್ನು ಕೂಗಿದಾಗಲೆಲ್ಲ ಬೆಚ್ಚುತ್ತಿದ್ದ ನಾನು. ಬದುಕಿಕೊಂಡೆ, ನಿಜ. ಬದುಕಿದವರ ಕತೆ ಯಾರು ಕೇಳುತ್ತಾರೆ? ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮನೆ ಬರುವ ತನಕ ಅವರೂ ಬಿಡಲಿಲ್ಲ.

ಈಗ ಲಗ್ನದ ದಿನಗಳು. ಹಳಿಯಾಳದಲ್ಲಿ, ಮುಂಡಗೋಡದಲ್ಲಿ, ನಿಮ್ಮ ಓಣಿಯಲ್ಲಿ, ಎಲ್ಲ ಕಡೆ ಚಪ್ಪರ ಏಳುತ್ತಿವೆ. ನೀವೂ ನಿಮ್ಮ ಮನೆಯ ಹುಡುಗಿಯನ್ನು ಗುರುತಿಲ್ಲದ ಊರಿಗೆ ಮುಟ್ಟಿಸಿ, ಕಣ್ಣೊರೆಸಿಕೊಂಡು, ಒಂದು ಭಾರ ಇಳಿಯಿತು ಎನ್ನುತ್ತ ಬಸ್ಸಿನ ಕಡೆ ಹೊರಡುತ್ತೀರಿ.

ಹತ್ತುವ ಮೊದಲು ಒಂದು ಸಲ ತಿರುಗಿ ನೋಡುತ್ತೀರಲ್ಲ?